ಗಾಡಿ ಒಳಗಿನ ಲೈಟ್ ಆರ್ತಿಲ್ಲ ಅಂದ್ರೆ ಬ್ಯಾಟ್ರಿಗಿಂತ ಮೊದ್ಲು ಬಾಗ್ಲು ನೋಡಿ

ಮಾನ್ಯ ಸಂಪಾದಕರೇ,

ನಿಮ್ಮ ಪೇಪರಲ್ಲಿ ವಾರಕ್ಕೊಂದ್ಸಲ ವಾಹನದ ಪುಟ ಬರುತ್ತಲ್ಲ, ಅದನ್ನ ನಾನು ಒಂದು ವಾರನೂ ಬಿಡಲ್ಲ, ಆದ್ರೆ ಓದಿ ಮುಗಿಸಿದಾಗೆಲ್ಲ ಒಂದೇ ಅನ್ಸೋದು, ಇದರಲ್ಲಿರೋ ಒಂದು ಗಾಡಿನೂ ನಮ್ಮ ಬೀದಿಲಿ ಇಲ್ವಲ್ಲ ಅಂತ. ಹೊಸ ಮಾಡೆಲ್ಲು, ಸನ್‌ರೂಫು, ಟಿವಿಯಷ್ಟು ದೊಡ್ಡ ಸ್ಕ್ರೀನು, ಇದೇ ಆಯ್ತು. ನಮ್ಮ ವಿದ್ಯಾನಗರದ ಕಡೆ ಬಂದು ನೋಡಿ, ಮನೆ ಮುಂದೆ ನಿಂತಿರೋದೆಲ್ಲ ಹತ್ತು ಹನ್ನೆರಡು ವರ್ಷ ಆಗಿರೋ ಕೆಎ 17 ಗಾಡಿಗಳು, ಕೆಲವಂತೂ ಎರಡು ಮೂರು ಕೈ ದಾಟಿ ಬಂದಿರೋವು, ಅವಕ್ಕೆ ಬರೋ ಕಾಯಿಲೆಗಳೇ ಬೇರೆ. ಅಂಥದ್ದೊಂದು ಕಾಯಿಲೆ ನನ್ನ ಗಾಡಿಗೆ ಬಂತು. 4,600 ರೂಪಾಯಿ ಹೊಳೇಲಿ ಹುಣಸೆಹಣ್ಣು ತೊಳೆದಂಗಾಯ್ತು, ಇನ್ನೂ 18,000 ಹೋಗೋದ್ರಲ್ಲಿತ್ತು, ಕೊನೆಗೆ ರಿಪೇರಿ ಆಗಿದ್ದು 150 ರೂಪಾಯಿಗೆ. ಅದಕ್ಕೇ ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಕತ್ತರಿ ಹಾಕೋದಿದ್ರೆ ನನ್ನ ಗೋಳಿಗೆ ಹಾಕಿ, ಬಾಗ್ಲಿನ ವಿಷ್ಯಕ್ಕೆ ಮಾತ್ರ ಹಾಕ್ಬೇಡಿ.

ನಂದೊಂದು ಜೆರಾಕ್ಸ್ ಅಂಗಡಿ, ಭಾನುವಾರ ರಜಾ. ಗಾಡಿ 2013ರದ್ದು, ಸಣ್ಣ ಪೆಟ್ರೋಲ್ ಗಾಡಿ, ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದು. ಒಂದು ಶನಿವಾರ ಜಗಳೂರು ಹತ್ರದ ಹಳ್ಳಿಗೆ, ಅದು ನಮ್ಮನೆಯವಳ ತವರು, ಹೋಗಿದ್ವಿ, ಬರ್ತಾ ನಮ್ಮ ತಮ್ಮನ ಮನೆ ಹಸುಗೆ ನುಚ್ಚು ಮಾಡಿಸೋಕೆ ಅಂತ ಎರಡು ಚೀಲ ಮೆಕ್ಕೆಜೋಳ ಹಿಂದಿನ ಸೀಟಿಗೆ ಹಾಕ್ಕೊಂಡು ಬಂದ್ವಿ. ರಾತ್ರಿ ಚೀಲ ಇಳಿಸಿ, ಬಾಗ್ಲು ಹಾಕಿ, ಧೂಳು ಜಾಸ್ತಿ ಅಂತ ಗಾಡಿಗೆ ಕವರ್ ಹೊದಿಸಿ ಮಲಗಿದೆ. ಆ ಕವರ್ ಹೊದಿಸಿದ್ದೇ ತಪ್ಪಾಯ್ತು ನೋಡಿ, ಒಳಗೆ ಲೈಟ್ ಉರೀತಾನೇ ಇತ್ತು, ಯಾರಿಗೂ ಕಾಣ್ಲಿಲ್ಲ.

ಭಾನುವಾರ ಗಾಡಿ ಮುಟ್ಟಲಿಲ್ಲ. ಸೋಮವಾರ ಬೆಳಿಗ್ಗೆ ಅವ್ವನ ಕಣ್ಣು ತೋರ್ಸೋಕೆ ಹೋಗ್ಬೇಕಿತ್ತು, ಎಂಟು ಗಂಟೆಗೆ ಬನ್ನಿ ಅಂದಿದ್ರು. ಕವರ್ ತೆಗೆದು ರಿಮೋಟ್ ಒತ್ತಿದ್ರೆ ಸದ್ದೇ ಇಲ್ಲ, ಕೀ ಹಾಕಿ ಬಾಗ್ಲು ತೆಗೆದೆ, ಮೇಲಿನ ಲೈಟು ಎಣ್ಣೆ ಮುಗಿದ ದೀಪದ ಬತ್ತಿ ತರ ಕೆಂಪಗೆ ಮಿಣುಕ್ ಮಿಣುಕ್ ಅಂತಿತ್ತು. ಕೀ ತಿರುಗಿಸಿದ್ರೆ ಕಟ್ ಕಟ್ ಕಟ್ ಅಂತು, ಆಮೇಲೆ ಅದೂ ಇಲ್ಲ. ಅವ್ವ ಹಿಂದಿನ ಸೀಟಲ್ಲಿ ಕೂತ್ಕೊಂಡು "ಯಾಕಪ್ಪಾ ಹೊಂಡ್ತಿಲ್ಲ" ಅಂತಾಳೆ. ಪಕ್ಕದ ಮನೆಯವರು ಪಾಪ ಅವರ ಗಾಡಿ ತಂದು ನಿಲ್ಲಿಸಿ ಜಂಪ್ ಕೊಟ್ರು. ಅವರು ವೈರ್ ಹಾಕಿದ ರೀತಿ ನೋಡಿ ನಾನೂ ಕಲ್ತೆ, ಕೆಂಪು ವೈರು ಪ್ಲಸ್ಸಿಂದ ಪ್ಲಸ್ಸಿಗೆ, ಕಪ್ಪು ವೈರು ಅವರ ಬ್ಯಾಟ್ರಿ ಮೈನಸ್ಸಿಂದ ನಮ್ಮ ಇಂಜಿನ್ನಿನ ಬರೀ ಕಬ್ಬಿಣಕ್ಕೆ, ನಮ್ಮ ಬ್ಯಾಟ್ರಿ ಮೈನಸ್ಸಿಗೆ ಅಲ್ಲ, ಯಾಕಂದ್ರೆ ಕೊನೆಗೆ ಮುಟ್ಟಿಸುವಾಗ ಕಿಡಿ ಹಾರುತ್ತೆ, ಬ್ಯಾಟ್ರಿಯಿಂದ ಗ್ಯಾಸ್ ಬರ್ತಿರುತ್ತೆ, ಕಿಡಿ ಅದರಿಂದ ದೂರ ಇರ್ಲಿ ಅಂತ. ಬಿಚ್ಚುವಾಗ ಉಲ್ಟಾ ಕ್ರಮ.

ಅಲ್ಲಿಂದ ಸೀದಾ ಗ್ಯಾರೇಜಿಗೆ. ಯಾವ ಗ್ಯಾರೇಜು ಅಂತ ಹೇಳಲ್ಲ, ಅವರೂ ಹೊಟ್ಟೆಪಾಡಿಗೆ ಮಾಡೋರು. ಒಳಗಿನ ಲೈಟ್ ಉರೀತಿತ್ತಪ್ಪಾ ಅಂತ ನಾನು ಎರಡು ಸಲ ಹೇಳಿದೆ. ಆ ಹುಡುಗ ಕೇಳಿಸ್ಕೊಂಡ್ನೋ ಇಲ್ವೋ, ಬ್ಯಾಟ್ರಿ ಮೇಲೆ ಮೀಟರ್ ಇಟ್ಟು "ಸಾರ್ ಬ್ಯಾಟ್ರಿ ಸತ್ತೋಗೈತಿ, ನಾಕು ವರ್ಷ ಆಗೈತಿ, ಬದ್ಲಿ ಮಾಡ್ಬಿಡ್ರಿ" ಅಂದ. ಹಳೇದನ್ನ ಎಕ್ಸ್‌ಚೇಂಜಿಗೆ ಕೊಟ್ಟು 4,600 ಬಿತ್ತು. ಗಾಡಿ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಯ್ತು, ನಾನೂ ಖುಷಿಯಾಗಿ ಬಂದೆ.

ಆಮೇಲೆ ನಾನೇ ಕೂತು ಲೆಕ್ಕ ಹಾಕಿದೆ. ನನ್ನ ಗಾಡಿ ಮೇಲಿನ ಬಲ್ಬು 10 ವಾಟು. ಗಾಡಿ ಕರೆಂಟು 12 ವೋಲ್ಟು. ಭಾಗಿಸಿದ್ರೆ ಹತ್ತಿರತ್ತಿರ 0.83 ಆಂಪ್ಸು. ಬ್ಯಾಟ್ರಿ ಮೇಲೆ 35 ಎಎಚ್ ಅಂತ ಬರೆದಿದೆ, ಆಂಪ್ ಅವರ್ ಅಂತ, ಅಂದ್ರೆ ಆಂಪ್ಸನ್ನ ಗಂಟೆಯಿಂದ ಗುಣಿಸಿದ ಲೆಕ್ಕ. ಶನಿವಾರ ರಾತ್ರಿ ಎಂಟರಿಂದ ಸೋಮವಾರ ಬೆಳಿಗ್ಗೆ ಏಳೂವರೆ ತನಕ ಮೂವತ್ತೈದೂವರೆ ಗಂಟೆ, ಅಂದ್ರೆ ಸುಮಾರು 29 ಎಎಚ್ ಆ ಒಂದು ಬಲ್ಬೇ ಕುಡಿದಿದೆ. ಅರ್ಧ ಖಾಲಿ ಆದ್ರೇನೆ ಹಳೇ ಬ್ಯಾಟ್ರಿ ಸೆಲ್ಫ್ ಎಳೆಯೋಕೆ ಒದ್ದಾಡುತ್ತೆ, ಇದು ಮುಕ್ಕಾಲು ದಾಟಿತ್ತು, ಹೊಸದೇ ಇದ್ದಿದ್ರೂ ಮಲಗ್ತಿತ್ತು. ಕೆಲವು ಗಾಡಿಲಿ ಸ್ವಲ್ಪ ಹೊತ್ತಾದ್ಮೇಲೆ ಒಳಗಿನ ಲೈಟ್ ತಾನೇ ಕಟ್ ಆಗೋ ವ್ಯವಸ್ಥೆ ಇರುತ್ತೆ, ನಂದ್ರಲ್ಲಿ ಇಲ್ಲ. ಹಂಗಾದ್ರೆ ಬ್ಯಾಟ್ರಿದೇನು ತಪ್ಪು? ಚಾರ್ಜಿಗೆ ಹಾಕಿ ನೋಡಿ ಆಮೇಲೆ ಹೇಳ್ಬಹುದಿತ್ತು. ಖಾಲಿ ಆಗಿರೋ ಬ್ಯಾಟ್ರಿಗೆ ಮೀಟರ್ ಇಟ್ಟು ಸತ್ತೋಗಿದೆ ಅನ್ನೋದು, ಉಪವಾಸ ಇರೋನ ನಾಡಿ ಹಿಡಿದು ಹೋಗ್ಬಿಟ್ಟ ಅಂದಂಗೆ.

ನಾಲ್ಕೇ ದಿನ. ಗುರುವಾರ ರಾತ್ರಿ ರಿಮೋಟ್ ಒತ್ತಿದ್ರೆ ಲಾಕ್ ಆಗಿ ಪಟ್ ಅಂತ ತಾನೇ ಅನ್‌ಲಾಕ್ ಆಗುತ್ತೆ, ಮತ್ತೆ ಒತ್ತಿದೆ, ಮತ್ತೆ ಅದೇ. ಅವತ್ತು ಕವರ್ ಹಾಕಿರ್ಲಿಲ್ಲ, ಒಳಗೆ ನೋಡಿದ್ರೆ ಲೈಟ್ ಜಗ್ ಅಂತ ಉರೀತಿದೆ. ನಾಲ್ಕೂ ಬಾಗ್ಲು ತೆಗೆದು ಹಾಕಿದೆ, ಡಿಕ್ಕಿ ತೆಗೆದು ಹಾಕಿದೆ, ಊಹೂಂ. ಬಲ್ಬನ್ನೇ ಕಿತ್ತಿಡೋಣ ಅಂತ ಮೇಲಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು ಕೈ ಹಾಕಿದೆ, ಅಬ್ಬಾ, ಎರಡು ಬೆರಳು ಚುರ್ರ್ ಅಂತು. ಆ ಎರಡು ಮೂತಿಯ ಸಣ್ಣ ಬಲ್ಬು ಅಷ್ಟು ಕಾಯುತ್ತೆ ಅಂತ ನನಗೆ ಗೊತ್ತಿರ್ಲಿಲ್ಲ, ಯಾರೂ ಹಂಗೆ ಮುಟ್ಬೇಡಿ. ಕೊನೆಗೆ ಸ್ವಿಚ್ಚನ್ನ ಆಫಿಗೆ ತಳ್ಳಿದೆ, ಲೈಟ್ ಆರ್ತು. ಆದ್ರೆ ಲಾಕ್ ಆಗ್ತಿಲ್ವಲ್ಲ, ಮೀಟರ್ ಬೋರ್ಡಲ್ಲಿ ಬಾಗ್ಲು ತೆಗೆದಿರೋ ಕೆಂಪು ಗುರುತು ಹಂಗೇ ಇದೆ. ಯಾವ ಬಾಗ್ಲು ಅಂತ ಅದು ತೋರ್ಸಲ್ಲ, ಎಲ್ಲದಕ್ಕೂ ಸೇರಿ ಒಂದೇ ಗುರುತು.

ಮತ್ತೆ ಅದೇ ಗ್ಯಾರೇಜು. ಈ ಸಲ ದೊಡ್ಡ ಮೇಸ್ತ್ರಿ ಬಂದು ನೋಡಿ "ಬಿಸಿಎಂ ಹೋಗೈತಿ" ಅಂದ್ರು. ಗಾಡಿಯ ಲೈಟು, ಲಾಕು, ವೈಪರು ಎಲ್ಲಾ ನೋಡ್ಕೊಳ್ಳೋ ಕಂಪ್ಯೂಟರ್ ಡಬ್ಬಿ ಅದು, ಬಾಡಿ ಕಂಟ್ರೋಲ್ ಮಾಡ್ಯೂಲ್ ಅಂತ. 18,000 ಆಗುತ್ತೆ, ಬೆಂಗಳೂರಿಂದ ತರಿಸ್ಬೇಕು, ಅಡ್ವಾನ್ಸ್ ಕೊಡಿ ಅಂದ್ರು. ನನಗೆ ಎದೆ ಝಲ್ ಅಂತು. ಆ ದುಡ್ಡಿಗೆ ನಾನು ಎಷ್ಟು ಜೆರಾಕ್ಸ್ ತೆಗೀಬೇಕು ಅಂತ ಲೆಕ್ಕ ಹಾಕ್ತಾ, ನಾಳೆ ಹೇಳ್ತೀನಿ ಅಂತ ಬಂದ್ಬಿಟ್ಟೆ.

ನಮ್ಮ ಅಂಗಡಿಗೆ ಬರೋ ಒಬ್ಬ ಲಾರಿ ಡ್ರೈವರ್ರು ಹಳೇ ಪಿ.ಬಿ. ರೋಡ್ ಪಕ್ಕ ಒಂದು ತಗಡಿನ ಶೆಡ್ ತೋರ್ಸಿದ್ರು, ವೈರಿಂಗ್ ಕೆಲಸ ಮಾಡೋ ವಯಸ್ಸಾದ ಯಜಮಾನ್ರು ಒಬ್ರು ಇದಾರೆ ಅಂತ. ಬೋರ್ಡ್ ಇಲ್ಲ, ಬಿಲ್ ಬುಕ್ ಇಲ್ಲ, ಒಂದು ಸ್ಟೂಲು, ಒಂದು ಡಬ್ಬಿ ತುಂಬಾ ಹಳೇ ಸ್ವಿಚ್ಚುಗಳು. ನಾನು ಬ್ಯಾಟ್ರಿ, ಬಿಸಿಎಂ ಎಲ್ಲಾ ಕಥೆ ಹೇಳಿ ಮುಗಿಸೋ ತನಕ ಸುಮ್ನೆ ಎಲೆ ಅಡಿಕೆ ಹಾಕ್ತಾ ಕೂತಿದ್ರು. ಆಮೇಲೆ ಅಂದಿದ್ದು ಇಷ್ಟೇ, "ಯಾವುದೋ ಒಂದು ಬಾಗ್ಲು ತೆಗೆದೈತಿ ಅಂತ ಗಾಡಿ ತಿಳ್ಕಂಡೈತಿ ಸಾರ್. ಯಾವ ಬಾಗ್ಲು ಅಂತ ಯಾರಾರ ಕೇಳಿದ್ರೇನು ಅದನ್ನ?"

ಯಾರೂ ಕೇಳಿರ್ಲಿಲ್ಲ.

ಎದ್ದು ಬಂದು ಮೊದ್ಲು ಮೇಲಿನ ಸ್ವಿಚ್ ನೋಡಿ, ನಾನು ಆಫಿಗೆ ತಳ್ಳಿದ್ದನ್ನ ಡೋರಿಗೆ ಇಟ್ರು. ಅದಕ್ಕೆ ಮೂರು ಜಾಗ, ಆನು, ಆಫು, ಮಧ್ಯದಲ್ಲಿ ಡೋರು. ಡೋರಿಗೆ ಇಟ್ರೆ ಮಾತ್ರ ಬಾಗ್ಲಿನ ಪ್ರಕಾರ ಹತ್ತಿ ಆರೋದು. ಅರ್ಧ ಜನ ಲೈಟ್ ಆರ್ತಿಲ್ಲ ಅಂತ ಗಾಬರಿಯಾಗಿ ಬರ್ತಾರಂತೆ, ನೋಡಿದ್ರೆ ಹಿಂದೆ ಕೂತ ಹುಡುಗ್ರು ಆನಿಗೆ ತಳ್ಳಿರ್ತಾವೆ, ಅಂಥೋರ ಹತ್ರ ದುಡ್ಡು ತಗಳಲ್ಲ, ಟೀ ಕುಡಿಸಿ ಅಂತೀನಿ ಅಂದ್ರು. ಕೆಲವು ಗಾಡಿಲಿ ಮೀಟರ್ ಬೋರ್ಡಿನ ಬೆಳಕು ಹೆಚ್ಚು ಕಡಿಮೆ ಮಾಡೋ ಸಣ್ಣ ಚಕ್ರ ಇರುತ್ತೆ, ಅದನ್ನ ಪೂರ್ತಿ ಮೇಲಕ್ಕೆ ತಿರುಗಿಸಿ ಟಕ್ ಅನ್ಸಿದ್ರೆ ಒಳಗಿನ ಲೈಟ್ ಹತ್ಕೊಂಡೇ ಇರುತ್ತೆ, ಗಾಡಿ ಒರೆಸುವಾಗ ಬಟ್ಟೆ ತಾಗಿ ತಿರುಗಿರುತ್ತೆ, ಅದೂ ಒಂದು. ಬಾಗ್ಲು ಹಾಕಿದ ತಕ್ಷಣ ಆರಲಿಲ್ಲ ಅಂತ ಬರೋರೂ ಇದಾರಂತೆ, ಅದು ರೋಗವೇ ಅಲ್ಲ, ಎಷ್ಟೋ ಗಾಡಿಲಿ ಹತ್ತು ಹದಿನೈದು ಸೆಕೆಂಡ್ ಬಿಟ್ಟು, ಕೆಲವಲ್ಲಿ ಅರ್ಧ ನಿಮಿಷ ಬಿಟ್ಟು ನಿಧಾನಕ್ಕೆ ಆರೋ ಹಂಗೇ ಮಾಡಿರ್ತಾರೆ.

ಆಮೇಲೆ ನನ್ನ ಕಡೆ ತಿರುಗಿ "ಹಿಂದೆ ಏನ್ ಹೇರ್ತೀರಿ?" ಅಂದ್ರು. ಮೆಕ್ಕೆಜೋಳ ಅಂದೆ. "ಯಾವ ಕಡೆ ಬಾಗ್ಲಿಂದ?" ಎಡಗಡೆ ಅಂದೆ. ಅವರ ಮುಖದಲ್ಲಿ ಆಗಲೇ ಕೆಲಸ ಮುಗಿದಿತ್ತು.

ಎಡಗಡೆ ಹಿಂದಿನ ಬಾಗ್ಲು ತೆಗೆದು ಅದರ ಅಂಚಲ್ಲಿರೋ ಲಾಕ್ ತೋರ್ಸಿದ್ರು. ಕುಡುಗೋಲಿನ ತರ ಬಾಗಿರೋ ಒಂದು ಕೊಕ್ಕೆ ಇರುತ್ತಲ್ಲ, ಬಾಗ್ಲು ಹಾಕಿದಾಗ ಗಾಡಿ ಮೈಗಿರೋ ಕಬ್ಬಿಣದ ಬಳೆನ ಅದು ಹಿಡ್ಕೊಳ್ಳುತ್ತೆ. ಆ ಕೊಕ್ಕೆ ಸುತ್ತ ಹಳೇ ಗ್ರೀಸು, ಅದರ ಮೇಲೆ ಹಳದಿ ಪುಡಿ ಕೂತು, ಪುಡಿ ಮೇಲೆ ಮತ್ತೆ ಧೂಳು ಕೂತು, ಮುಟ್ಟಿದ್ರೆ ಆರಿದ ಅಂಟುಂಡೆ ತರ ಇತ್ತು. ಹತ್ತಿ ಮಿಲ್ಲುಗಳ ಕಾಲದಲ್ಲಿ ನಮ್ಮೂರಲ್ಲಿ ಎಲ್ಲಿ ನೋಡಿದ್ರೂ ಹತ್ತಿ ಧೂಳಂತೆ, ಈಗ ಮೆಕ್ಕೆಜೋಳದ ಧೂಳು, ಅಷ್ಟೇ ವ್ಯತ್ಯಾಸ ಅಂತ ಯಜಮಾನ್ರು ನಕ್ಕರು. ಆ ಲಾಕ್ ಡಬ್ಬಿ ಒಳಗೇನೇ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು ಒಂದು ಸಣ್ಣ ಸ್ವಿಚ್ ಇದೆ, ಕೊಕ್ಕೆ ತಿರುಗಿದ್ರೆ ಸ್ವಿಚ್ ಒತ್ತುತ್ತೆ, ಗಾಡಿಗೆ ಬಾಗ್ಲು ಹಾಕಿದೆ ಅಂತ ಗೊತ್ತಾಗುತ್ತೆ. ಕೊಕ್ಕೆ ತಿರುಗಿದೆ, ಬಾಗ್ಲು ಗಟ್ಟಿಯಾಗೇ ಹಾಕಿದೆ, ಆದ್ರೆ ಅಂಟಿಗೆ ಸಿಕ್ಕಿ ಸ್ವಿಚ್ ಮಾತ್ರ ಅಲ್ಲಾಡ್ತಿಲ್ಲ.

ಸ್ಪ್ರೇ ಡಬ್ಬಿಗೆ ಕೆಂಪು ಪೈಪು ಸಿಕ್ಕಿಸಿ ಕೊಕ್ಕೆ ಸಂದಿಗೆ ಹೊಡೆದ್ರು. ಇದು ಎಲೆಕ್ಟ್ರಿಕ್ ಸಾಮಾನು ತೊಳೆಯೋ ಕಾಂಟ್ಯಾಕ್ಟ್ ಕ್ಲೀನರ್ರು, ಪೆಟ್ರೋಲ್ ಹಾಕಬಾರದು, ಸ್ವಿಚ್ ಕಿಡಿ ಬಿಟ್ರೆ ಮುಗೀತು ಅಂದ್ರು. ಕಪ್ಪು ಹಳದಿ ನೀರು ಇಳೀತು. ಮತ್ತೆ ಹೊಡೆದು ಬಟ್ಟೆಲಿ ಒರೆಸಿ, ಬಾಗ್ಲು ತೆಗೆದೇ ಇದ್ದಂಗೆ, ಸ್ಕ್ರೂಡ್ರೈವರ್ ತುದಿಯಿಂದ ಆ ಕೊಕ್ಕೆನ ಬಾಗ್ಲು ಹಾಕಿದ್ರೆ ಹೆಂಗೆ ತಿರುಗುತ್ತೋ ಹಂಗೆ ತಿರುಗಿಸಿದ್ರು, ಟಕ್, ಇನ್ನೊಂದು ಟಕ್. ಹ್ಯಾಂಡಲ್ ಎಳೆದು ಬಿಟ್ರು. ಮತ್ತೆ ಟಕ್ ಟಕ್. ಹಿಂಗೆ ಇಪ್ಪತ್ತು ಸಲ. ನಾನು ಮುಂದಿನ ಸೀಟಲ್ಲಿ ಕೂತು ಲೈಟ್ ನೋಡ್ತಿದ್ದೆ, ಉಳಿದ ಬಾಗ್ಲೆಲ್ಲ ಹಾಕಿತ್ತು. ಕೊನೆ ಟಕ್ ಆದ್ಮೇಲೆ "ಎಣಿಸ್ರಿ" ಅಂದ್ರು. ಒಂದು ಎರಡು ಅಂತ ಎಣಿಸ್ತಾ ಹದಿಮೂರಕ್ಕೆ ಬರೋ ಹೊತ್ತಿಗೆ ಲೈಟು ನಿಧಾನಕ್ಕೆ ಮಂಕಾಗಿ ಆರಿಹೋಯ್ತು, ಕೆಂಪು ಗುರುತೂ ಹೋಯ್ತು, ಬಾಗ್ಲು ಮಾತ್ರ ಪೂರ್ತಿ ತೆಗೆದೇ ಇದೆ, ಹೊರಗಿನ ಬಿಸಿಲು ಒಳಗೆ ಬೀಳ್ತಿದೆ! ಬಿಸಿಎಂ ಹೋಗಿದ್ರೆ ಹಿಂಗಾಗ್ತಿತ್ತಾ?

ಖುಷಿಗೆ ನಾನು ಇಳಿದು ಬಂದು ಬಾಗ್ಲು ತಳ್ಳೋಕೆ ಹೋದೆ, ಯಜಮಾನ್ರು ಕೈ ಹಿಡ್ಕಂಡು ಬೈದ್ರು. ಕೊಕ್ಕೆ ಮುಚ್ಚಿರುವಾಗ ಬಾಗ್ಲು ಹಾಕಿದ್ರೆ ಅದು ಆ ಕಬ್ಬಿಣದ ಬಳೆಗೆ ಢಣ್ ಅಂತ ಬಡಿದು ಲಾಕೇ ಬಾಗುತ್ತೆ, ಪೇಂಟೂ ಹೋಗುತ್ತೆ, ಮೊದ್ಲು ಹ್ಯಾಂಡಲ್ ಎಳೆದು ಕೊಕ್ಕೆ ಬಿಡಿಸಿ ಆಮೇಲೆ ಹಾಕ್ಬೇಕು. ಇದನ್ನ ಮನೇಲಿ ಟ್ರೈ ಮಾಡೋರು ದಯವಿಟ್ಟು ಈ ಒಂದು ಮಾತು ಮರೀಬೇಡಿ. ಕೊನೆಗೆ ಚೂರು ಬಿಳಿ ಗ್ರೀಸ್ ಸವರಿ 150 ತಗೊಂಡ್ರು. ಇನ್ನೂ ಜಾಸ್ತಿ ಕೊಟ್ರೆ ಬೇಡ ಅಂದ್ರು, ಚೀಲ ತಂದಾಗ ಕೊಕ್ಕೆ ಮೇಲೊಂದು ಬಟ್ಟೆ ಇಡ್ರಿ ಸಾಕು ಅಂದ್ರು.

ಅಲ್ಲಿದ್ದ ಒಂದು ಗಂಟೆಲಿ ಇನ್ನೂ ಸುಮಾರು ವಿಷ್ಯ ತಿಳೀತು. ಹಳೇ ಗಾಡಿಗಳಲ್ಲಿ ಈ ಸ್ವಿಚ್ ಲಾಕ್ ಒಳಗಿರಲ್ಲ, ಬಾಗ್ಲು ಕೂರೋ ಕಂಬದಲ್ಲಿ ಒಂದು ರಬ್ಬರ್ ಟೋಪಿ ಹಾಕಿರೋ ಬಟನ್ ಇರುತ್ತೆ, ಬಾಗ್ಲು ಹಾಕಿದ್ರೆ ಒಳಗೆ ಹೋಗುತ್ತೆ, ತೆಗೆದ್ರೆ ಹೊರಗೆ ಬಂದು ಲೈಟಿಗೆ ಅರ್ಥ್, ಅಂದ್ರೆ ಗಾಡಿ ಮೈ ಮೂಲಕ ಕರೆಂಟ್ ವಾಪಸ್ ಹೋಗೋ ದಾರಿ, ಕೊಡುತ್ತೆ. ರಬ್ಬರ್ ಹರಿದ್ರೆ ಮಳೆನೀರು ಹೋಗಿ ತುಕ್ಕು ಹಿಡಿದು ಬಟನ್ ಸಿಕ್ಕೊಳ್ಳುತ್ತೆ, ಅಷ್ಟೇ. ನಮ್ಮ ಭಾವನ ಹಳೇ ಗಾಡಿಗೆ ಅದೇ ಆಗಿತ್ತು, ಮಾರನೇ ವಾರ ನಾನೇ ಹೋಗಿ ಒಂದೊಂದೇ ಬಟನ್ನಿನ ಸ್ಕ್ರೂ ಬಿಚ್ಚಿ ಹಿಂದಿನ ವೈರ್ ಎಳೆದೆ, ಎರಡನೇದು ಎಳೆದ ತಕ್ಷಣ ಲೈಟ್ ಆರ್ತು, ಅದೇ ಕಳ್ಳ ಅಂತ ಸಿಕ್ಕಿಬಿತ್ತು (ಬಿಚ್ಚಿದ ವೈರು ಜಾರಿ ಕಂಬದೊಳಗೆ ಹೋಗದಂಗೆ ಟೇಪ್ ಅಂಟಿಸಿ, ನಾನು ಅಂಟಿಸದೆ ಅರ್ಧ ಗಂಟೆ ತಂತಿ ಹಾಕಿ ಮೀನು ಹಿಡಿದಂಗೆ ಹಿಡಿದೆ). ಯಾವ ವೈರ್ ಬಿಚ್ಚಿದ್ರೂ ಆರಲಿಲ್ಲ ಅಂದ್ರೆ ಆಗ ವೈರೇ ಎಲ್ಲೋ ಗಾಡಿ ಮೈಗೆ ತಾಗ್ತಿರುತ್ತೆ, ಬಾಗ್ಲಿಗೂ ಗಾಡಿಗೂ ಮಧ್ಯ ರಬ್ಬರ್ ಕೊಳವೆ ಒಳಗೆ ವೈರು ದಿನಾ ಬಾಗಿ ಬಾಗಿ ಸವೆದಿರುತ್ತೆ, ಇಲ್ಲಾ ಇಲಿ ಕಡಿದಿರುತ್ತೆ. ಕಾಳಿನ ಗೋಡೌನ್ ಪಕ್ಕ ಗಾಡಿ ನಿಲ್ಸೋರಿಗೆ ಇಲಿ ಕಥೆ ನಾನೇನೂ ಹೇಳ್ಬೇಕಾಗಿಲ್ಲ.

ಹಿಂದಿನ ಸೀಟ್ ಬೆಲ್ಟಿನ ಕಬ್ಬಿಣದ ನಾಲಿಗೆ ಬಾಗ್ಲಿಗೆ ಸಿಕ್ಕೊಂಡು ಒಂದೇ ಟಕ್ ಆಗಿರೋದು, ಎರಡನೇ ಟಕ್ ಆಗದೇ ಬಾಗ್ಲು ಪೂರ್ತಿ ಕೂರದೇ ಇರೋದು, ಇದೂ ಭಾಳ ಕಾಮನ್ನಂತೆ. ಮತ್ತೆ ಮಾರ್ಕೆಟ್ಟಿಂದ ಎಲ್‌ಇಡಿ ತಂದು ಹಾಕ್ಕೊಂಡೋರಿಗೆ ಬಾಗ್ಲು ಸರಿ ಇದ್ರೂ ಲೈಟು ಮಸುಕು ಮಸುಕಾಗಿ ಉರೀತಾ ಇರುತ್ತೆ, ಸ್ವಿಚ್ಚಲ್ಲಿ ಸೋರೋ ಒಂದು ಚೂರು ಕರೆಂಟೇ ಅದಕ್ಕೆ ಸಾಕು, ಹಳೇ ಬಲ್ಬು ಅಷ್ಟಕ್ಕೆಲ್ಲ ಹತ್ತಲ್ಲ. ಫ್ಯೂಸ್ ಕಿತ್ತಾಕಿ ಅಂತ ಯಾರಾದ್ರೂ ಸಲಹೆ ಕೊಟ್ರೆ, ಒಂದು ರಾತ್ರಿಗೆ ಸರಿ, ಆದ್ರೆ ಎಷ್ಟೋ ಗಾಡಿಲಿ ಅದೇ ಫ್ಯೂಸಿಗೆ ರೇಡಿಯೋ, ಗಡಿಯಾರ, ಲಾಕು ಇವೂ ಸೇರಿರುತ್ತೆ.

ನಾನೀಗ ಒಂದು ಸಣ್ಣ ಮಲ್ಟಿಮೀಟರ್ ತಗೊಂಡಿದೀನಿ. ರಾತ್ರಿ ಗಾಡಿ ನಿಲ್ಸಿ ಬೆಳಿಗ್ಗೆ ಇಟ್ಟು ನೋಡಿದ್ರೆ ಬ್ಯಾಟ್ರಿ 12.6 ವೋಲ್ಟ್ ಹತ್ರ ಇದ್ರೆ ತುಂಬಿದೆ, 12.2ಕ್ಕೆ ಬಂದಿದ್ರೆ ಅರ್ಧ, 12ರ ಕೆಳಗೆ ಹೋಗಿದ್ರೆ ರಾತ್ರಿ ಯಾರೋ ಕುಡಿದಿದಾರೆ ಅಂತ ಅರ್ಥ.

ಆ ಗ್ಯಾರೇಜಿನೋರ ಮೇಲೆ ನನಗೆ ಸಿಟ್ಟು ಇಳಿದಿಲ್ಲ, ಅದು ಬ್ಯಾಟ್ರಿ ದುಡ್ಡಿಗಲ್ಲ. ಅವರ ಹತ್ರ ಗಾಡಿ ಕಂಪ್ಯೂಟರ್ ಓದೋ ಸ್ಕ್ಯಾನರ್ ಇತ್ತು, ಗಾಡಿಗೆ ಚುಚ್ಚಿದ್ರು ಕೂಡ. ಬಿಸಿಎಂ ಇರೋ ಗಾಡಿಗೆ ಸ್ಕ್ಯಾನರ್ ಹಾಕಿದ್ರೆ ಯಾವ ಬಾಗ್ಲು ತೆಗೆದಿದೆ ಅಂತ ಅದಕ್ಕೆ ಅನ್ಸಿದೆಯೋ ಅದನ್ನೂ ನೋಡ್ಬಹುದು ಅಂತ ಆಮೇಲೆ ಯಜಮಾನ್ರೇ ಹೇಳಿದ್ರು. ಅಂದ್ರೆ ಅವರ ಕಣ್ಣೆದುರಿಗೇ ಉತ್ತರ ಇತ್ತು, ಓದೋ ಪುರಸೊತ್ತು ಇರ್ಲಿಲ್ಲ. ಎಲ್ಲರೂ ಹಂಗೆ ಅಂತಲ್ಲ, ಈ ಊರಲ್ಲಿ ಒಳ್ಳೇ ಕೆಲಸಗಾರರು ಬೇಕಾದಷ್ಟು ಜನ ಇದಾರೆ, ಆದ್ರೆ ಗಿರಾಕಿಗೆ ಏನೂ ಗೊತ್ತಿಲ್ಲ ಅಂದ್ರೆ ಒಳ್ಳೇವ್ರಿಗೂ ಆಸೆ ಹುಟ್ಟುತ್ತೆ. ನನ್ನ ಗಾಡಿ ಜೊತೆ ಬಂದ ಬುಕ್ಕು ಪೂರ್ತಿ ಇಂಗ್ಲಿಷು, ಅದರಲ್ಲೂ ಲೈಟ್ ಹೆಂಗೆ ಹಾಕೋದು ಅಂತಿದೆ, ಆರದಿದ್ರೆ ಏನ್ ಮಾಡೋದು ಅಂತಿಲ್ಲ, ಹತ್ತಿರದ ಸರ್ವೀಸ್ ಸೆಂಟರಿಗೆ ಹೋಗಿ ಅಂತಿದೆ.

ಅದಕ್ಕೇ ಕೇಳೋದು ಸಂಪಾದಕರೇ, ಆ ವಾಹನದ ಪುಟದಲ್ಲಿ ಒಂದು ಮೂಲೆ, ಸಣ್ಣ ಜಾಗ ಸಾಕು, ಹಳೇ ಗಾಡಿಯೋರಿಗೆ ಬಿಡಿ. ಈ ವಾರ ಒಳಗಿನ ಲೈಟು, ಮುಂದಿನ ವಾರ ಹಾರ್ನು, ಆಮೇಲೆ ಗ್ಲಾಸ್ ಇಳಿಯದೇ ಇರೋದು, ಹಿಂಗೆ. ನಮ್ಮ ಶೆಡ್ಡಿನ ಯಜಮಾನ್ರಂಥೋರು ದಾವಣಗೆರೆಲಿ ಇದಾರೆ, ಚಿತ್ರದುರ್ಗದಲ್ಲಿ ಇದಾರೆ, ಹರಿಹರದಲ್ಲಿ ಇದಾರೆ, ಅವರಿಗೆ ಬರೆಯೋಕೆ ಬರಲ್ಲ ಅಂತಾರೆ, ನಿಮ್ಮ ವರದಿಗಾರರು ಹೋಗಿ ಒಂದು ಟೀ ಕುಡೀತಾ ಕೂತ್ರೆ ಸಾಕು ಹೇಳ್ತಾರೆ. ನಾನೂ ಬೇಕಾದ್ರೆ ಜೊತೆಗೆ ಬರ್ತೀನಿ, ಭಾನುವಾರ ಆದ್ರೆ.

ಇಂತಿ ನಿಮ್ಮ ಓದುಗ,
ವಿದ್ಯಾನಗರ, ದಾವಣಗೆರೆ

ತಾ.ಕ.: ಡಿಕ್ಕಿ ಲೈಟ್ ಮುಚ್ಚಿದ್ಮೇಲೆ ಆರುತ್ತೋ ಇಲ್ವೋ ಹೊರಗಿಂದ ಕಾಣಲ್ಲ. ಮೊಬೈಲಲ್ಲಿ ವಿಡಿಯೋ ಆನ್ ಮಾಡಿ ಡಿಕ್ಕಿ ಒಳಗೆ ಇಟ್ಟು ಮುಚ್ಚಿ ಅರ್ಧ ನಿಮಿಷ ಬಿಟ್ಟು ತೆಗೆದು ನೋಡಿ. ನಾನು ಮಾಡಿದೆ, ಲೈಟ್ ಸರಿಯಾಗಿ ಆರಿದೆ, ಆಮೇಲೆಲ್ಲ ಬರೀ ಕತ್ತಲು, ಆ ಕತ್ತಲಲ್ಲಿ ನಮ್ಮನೆಯವಳು "ಅಷ್ಟು ಹೊತ್ತಿಂದ ಡಿಕ್ಕಿ ಮುಂದೆ ಕೈಕಟ್ಕೊಂಡು ಯಾರನ್ನ ಕಾಯ್ತಿದೀರಾ" ಅಂತ ಕೇಳಿದ್ದು ಮಾತ್ರ ಚೆನ್ನಾಗಿ ರೆಕಾರ್ಡ್ ಆಗಿದೆ.